ದುಬೈಯ 30 ದಿನ ರಜೆ ಬೆಂಗಳೂರಿನ 18 ದಿನಕ್ಕಿಂತ ಹೆಚ್ಚೇ?

ಬೆಂಗಳೂರು, ದುಬೈ, ಜರ್ಮನಿ ಮೂರೂ ಕಡೆ ಕೆಲಸ ಸಿಗುತ್ತಿದೆ, ಯಾವ ದೇಶದಲ್ಲಿ ರಜೆ ಹೆಚ್ಚು ಎಂದು ಕೇಳಿ ನೀವು ಬರೆದ ವಾರ್ಷಿಕ ರಜೆಯ ಪಟ್ಟಿ ನೋಡಿ ನಗು ಬಂತು. ಬೆಂಗಳೂರು 18 ದಿನ, ದುಬೈ 30 ದಿನ; ಇದೇ ಲೆಕ್ಕ ಹಾಕಿ ನಾನೂ ವಿಮಾನ ಹತ್ತಿದವನು. ನಿಮ್ಮಲ್ಲಿ ಜರ್ಮನಿಯ 28 ದಿನ ಹೆಚ್ಚುವರಿಯಾಗಿ ಸೇರಿದೆ, ಅಷ್ಟೇ. ಸೋಮವಾರಪೇಟೆ ಕಡೆ ಮನೆ, ಅಪ್ಪ ಅಮ್ಮ ಇಬ್ಬರೇ, ಕಾಫಿ ತೋಟ ಎಂದು ಬರೆದಿದ್ದೀರಿ. ನಮ್ಮದು ವಿರಾಜಪೇಟೆ ಕಡೆ, ಉಳಿದದ್ದೆಲ್ಲ ಅದೇ.

ದುಬೈಯ ಸರಕು ಸಾಗಣೆ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು. ಸೇರಿದ ಮೇಲೆ ತಿಳಿದ ಮೊದಲ ಸಂಗತಿ, ಅಲ್ಲಿನ ಕಾನೂನು ಹೇಳುವ 30 ದಿನ ಕ್ಯಾಲೆಂಡರ್ ದಿನಗಳು. ನಡುವೆ ಬರುವ ವಾರದ ರಜೆಗಳೂ ಅದರಲ್ಲೇ ಕಳೆದುಹೋಗುತ್ತವೆ. ಅಂದರೆ ನಾಲ್ಕು ವಾರಕ್ಕಿಂತ ಸ್ವಲ್ಪ ಹೆಚ್ಚು. ಬೆಂಗಳೂರಿನಲ್ಲಿ ವಾರಕ್ಕೆ ಐದೇ ದಿನ ಕೆಲಸವಿದ್ದುದರಿಂದ 18 ದಿನವೆಂದರೆ ಮೂರೂವರೆ ವಾರ. ಹನ್ನೆರಡು ದಿನದ ಲಾಭ ಎಂದುಕೊಂಡದ್ದು ಒಂದು ವಾರವೂ ಇರಲಿಲ್ಲ. ಅನಾರೋಗ್ಯದ ರಜೆ ಬೇರೆ, ಹಬ್ಬದ ರಜೆ ಬೇರೆ. ಅವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಇದನ್ನು ಸಹಿಸಬಹುದಿತ್ತು. ನನ್ನನ್ನು ಮುಳುಗಿಸಿದ್ದು ಬೇರೆ. ರಜೆ ಎಷ್ಟು ಎಂದು ಕೇಳಿದೆನೇ ಹೊರತು ಯಾವ ತಿಂಗಳಲ್ಲಿ ಎಂದು ಕೇಳಲಿಲ್ಲ. ಆ ಕಾನೂನಿನ ಪ್ರಕಾರ ಕೆಲಸದ ಅಗತ್ಯ ನೋಡಿಕೊಂಡು ರಜೆಯ ದಿನಾಂಕ ನಿಗದಿಪಡಿಸುವುದು ಮಾಲೀಕರು. ನೌಕರನ ಒಪ್ಪಿಗೆ ಬೇಕು, ಒಂದು ತಿಂಗಳು ಮೊದಲೇ ತಿಳಿಸಬೇಕು ಎಂಬುದೂ ಅದರಲ್ಲಿದೆ. ಆದರೆ ವೀಸಾ ಕಂಪನಿಯ ಕೈಯಲ್ಲಿರುವಾಗ ಒಪ್ಪುವುದಿಲ್ಲ ಎನ್ನುವ ಹೊಸ ನೌಕರ ಯಾರು? ನಮ್ಮ ವಿಭಾಗಕ್ಕೆ ಡಿಸೆಂಬರ್‌ನಲ್ಲಿ ವರ್ಷದ ಲೆಕ್ಕ ಮುಗಿಸುವ ಕೆಲಸ, ಜನವರಿ, ಫೆಬ್ರವರಿಯಲ್ಲಿ ಆಡಿಟ್. ಆ ಮೂರು ತಿಂಗಳು ರಜೆಯ ಮಾತೇ ಇಲ್ಲ. ನಮ್ಮ ತೋಟದಲ್ಲಿ ರೋಬಸ್ಟಾ ತಳಿಯ ಕಾಫಿ ಕೊಯ್ಲು ಬರುವುದೂ ಆ ದಿನಗಳಲ್ಲೇ.

ನನಗೆ ಸಿಕ್ಕಿದ್ದು ಜುಲೈ. ಜುಲೈಯ ಮಳೆಯಲ್ಲಿ ಕೊಡಗಿಗೆ ಬಂದು ಮಾಡುವುದೇನು ಎಂದು ಬೇರೆ ಊರಿನವರಿಗೆ ವಿವರಿಸಬೇಕು, ನಿಮಗೆ ಬೇಕಿಲ್ಲ. ಕಣ್ಣೂರಿನಲ್ಲಿ ಇಳಿದು, ಮಾಕುಟ್ಟ ಘಾಟಿಯಲ್ಲಿ ಮರ ಬಿದ್ದಿಲ್ಲವೆಂದರೆ ಮನೆ ತಲುಪಿ, ಕರೆಂಟಿಲ್ಲದ ಮನೆಯಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿದ ಬಟ್ಟೆ ಒಣಗಿತೇ ಎಂದು ಮುಟ್ಟಿ ಮುಟ್ಟಿ ನೋಡುತ್ತಾ, ಜಿಗಣೆ ಕಿತ್ತುಕೊಳ್ಳುತ್ತಾ ಕೂರುವುದು. ಸಂಬಳ ಸಹಿತ ರಜೆ!

2023ರ ಕೊನೆಯಲ್ಲಿ ಅಪ್ಪನ ಮಂಡಿ ನೋವು ಹೆಚ್ಚಾಯಿತು. ಕೊಯ್ಲಿಗೆ ಆಳು ಹುಡುಕಿ, ದಿನವೂ ಸಂಜೆ ಚೀಲ ತೂಗಿಸಿ, ಕಣದಲ್ಲಿ ಹಣ್ಣು ಹರಡಿಸುವವರು ಯಾರೂ ಇಲ್ಲ. ನಾನು ಜನವರಿಯಲ್ಲಿ ರಜೆ ಕೇಳಿದೆ. 'ಜುಲೈಯಲ್ಲಿ ಕೊಟ್ಟಿದ್ದೆವಲ್ಲ' ಎಂದರು. ಅಪ್ಪ ಫಸಲನ್ನು ಗಿಡದಲ್ಲಿರುವಾಗಲೇ ಗುತ್ತಿಗೆಗೆ ಕೊಟ್ಟುಬಿಟ್ಟರು. ಮರುವರ್ಷ ರೋಬಸ್ಟಾ ಬೆಲೆ ದಾಖಲೆ ಮುಟ್ಟಿದ್ದು ನಿಮಗೂ ಗೊತ್ತು. ಲಾಭವೆಲ್ಲ ಗುತ್ತಿಗೆದಾರನದಾಯಿತು. ಜನವರಿಯಲ್ಲಿ ಹದಿನೈದು ದಿನ ಕೊಡುವ ಕಂಪನಿಯಲ್ಲಿದ್ದಿದ್ದರೆ ಆ ಹಣ ಮನೆಯಲ್ಲೇ ಉಳಿಯುತ್ತಿತ್ತು. ಅದರ ಮುಂದೆ ದುಬೈಯ ಹೆಚ್ಚುವರಿ ಸಂಬಳ ಏನೇನೂ ಅಲ್ಲ.

ಕೆಲಸ ಬಿಡುವಾಗ ಉಳಿದ ರಜೆಗೆ ಹಣ ಬಂತು, ಅದೂ ಮೂಲ ವೇತನದ ಮೇಲೆ ಮಾತ್ರ. ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು ಭತ್ಯೆಗಳ ಹೆಸರಿನಲ್ಲಿತ್ತು.

ಆದ್ದರಿಂದ ಯಾವ ದೇಶದಲ್ಲಿ ರಜೆ ಹೆಚ್ಚು ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕಾನೂನು ಕನಿಷ್ಠ ಎಷ್ಟೆಂದು ಹೇಳುತ್ತದೆ, ಅಷ್ಟೇ. ಅಮೆರಿಕದಲ್ಲಂತೂ ಖಾಸಗಿ ನೌಕರರಿಗೆ ಸಂಬಳ ಸಹಿತ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನೇ ಇಲ್ಲ. ಆದರೂ ಅಲ್ಲಿರುವ ನನ್ನ ಭಾವ ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಬಂದು ಹೊಸ ಭತ್ತದ ಕದಿರು ತೆಗೆದು ಹೋಗುತ್ತಾರೆ, ಏಕೆಂದರೆ ಅವರ ಮೇಲಧಿಕಾರಿ ತಕರಾರು ಮಾಡುವುದಿಲ್ಲ. ಹುತ್ತರಿಯ ಮುಹೂರ್ತ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಗೊತ್ತಾಗುವ ಹೊತ್ತಿಗೆ ನನ್ನ ಕಂಪನಿಯಲ್ಲಿ ರಜೆ ಅರ್ಜಿಯ ಗಡುವು ಮುಗಿದು ಎಷ್ಟೋ ದಿನವಾಗಿರುತ್ತಿತ್ತು. ಬೆಂಗಳೂರನ್ನೂ ಹೊಗಳಬೇಡಿ. ಹುತ್ತರಿ, ಕೈಲ್ ಮುಹೂರ್ತ, ತುಲಾ ಸಂಕ್ರಮಣ ಎಂಬ ನಮ್ಮ ಹಬ್ಬಗಳಿಗೆ ಸರ್ಕಾರಿ ರಜೆ ಕೊಡಗು ಜಿಲ್ಲೆಗೆ ಮಾತ್ರ. ಬೆಂಗಳೂರಿನ ಕಂಪನಿಯಲ್ಲಿ ನಿಮ್ಮ ಸ್ವಂತ ರಜೆಯೇ ಕಳೆಯುತ್ತದೆ.

ಜರ್ಮನಿ? ಅಲ್ಲಿನ ಕಾನೂನಿನ 24 ದಿನ ವಾರಕ್ಕೆ ಆರು ದಿನದ ಕೆಲಸದ ಲೆಕ್ಕ. ಐದು ದಿನದ ವಾರಕ್ಕೆ 20. ನಿಮ್ಮ 28 ಕೆಲಸದ ದಿನಗಳೇ ಆಗಿದ್ದರೆ ಐದೂವರೆ ವಾರ ದಾಟುತ್ತದೆ. ದಿನಾಂಕ ಗೊತ್ತುಮಾಡುವಾಗ ನೌಕರನ ಇಚ್ಛೆಯನ್ನು ಗಮನಿಸಬೇಕು, ರಜೆಯ ನಡುವೆ ಕಾಯಿಲೆ ಬಿದ್ದು ವೈದ್ಯರ ಪತ್ರ ಕೊಟ್ಟರೆ ಆ ದಿನಗಳನ್ನು ಕಳೆಯಬಾರದು ಎಂಬುದೂ ಅಲ್ಲಿನ ಕಾನೂನು. ಮೂರರಲ್ಲಿ ನನ್ನ ಒಲವು ಅತ್ತಲೇ. ಆದರೂ ಸಹಿ ಹಾಕುವ ಮೊದಲು ಮೂರೂ ಕಂಪನಿಗಳಿಗೆ ಒಂದೇ ಪ್ರಶ್ನೆ ಬರೆದು ಕೇಳಿ: ಪ್ರತಿ ವರ್ಷ ಕೊಯ್ಲಿನ ಹೊತ್ತಿಗೆ ಸತತ ಎರಡು ವಾರ ರಜೆ ಸಿಗುತ್ತದೆಯೇ? ನಿಮ್ಮದು ಅರೇಬಿಕಾ ತಳಿಯ ಕಾಫಿ ಆಗಿದ್ದರೆ ನವೆಂಬರ್, ಡಿಸೆಂಬರ್ ಎಂದು ತಿಂಗಳ ಹೆಸರು ಹಾಕಿಯೇ ಕೇಳಿ. ಫೋನಿನಲ್ಲಿ 'ಆಗ ನೋಡಿಕೊಳ್ಳೋಣ' ಎಂದರೆ ಬರವಣಿಗೆಯಲ್ಲಿ ಕೊಡಿ ಎನ್ನಿ. ನನಗೂ ಫೋನಿನಲ್ಲಿ ಹಾಗೆಯೇ ಹೇಳಿದ್ದರು.