ಹಳ್ಳದ ಸಾಲ್ಮನ್: ಗಾಳ ಅಳಿವೆ ಹತ್ತಿರ ಹಾಕಿ, ಮೇಲಿನ ಮೀನು ಬಿಟ್ಟುಬಿಡಿ

ಸರ್, ನಿಮ್ಮ ಪ್ರಶ್ನೆ ಓದಿದೆ, ಫೋಟೋಗಳನ್ನೂ ನೋಡಿದೆ. ಹಾಸನದಿಂದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾಕ್ಕೆ ಬಂದಿದ್ದೀರಿ, ಇದು ಇಲ್ಲಿ ನಿಮ್ಮ ಮೊದಲ ಮಳೆಗಾಲ. ಅಪಾರ್ಟ್‌ಮೆಂಟ್ ಹಿಂದೆ ಮೊಣಕಾಲುದ್ದದ ಹಳ್ಳ, ಅದರಲ್ಲಿ ತೋಳುದ್ದದ ಸಾಲ್ಮನ್, ಅಂದರೆ ಮೊಟ್ಟೆ ಇಡಲು ಸಮುದ್ರದಿಂದ ಹಳ್ಳಕ್ಕೆ ಬರುವ ಮೀನು, ಹತ್ತುತ್ತಿವೆ. ಹಿಡಿಯಬಹುದಾ, ಯಾವ ರಾಡ್ ಬೇಕು, ತಿನ್ನೋಕೆ ಹೇಗಿರುತ್ತೆ, ಕೆಲವು ಸುಮ್ನೆ ಸತ್ತು ಬಿದ್ದಿವೆಯಲ್ಲ ಯಾಕೆ ಅಂತ ಕೇಳಿದ್ದೀರಿ. ಮನೆಯಲ್ಲಿ ಇಬ್ಬರು ಮಕ್ಕಳು, ಒಂದು ನಾಯಿ ಇವೆ ಅಂತಲೂ ಹೇಳಿದ್ದೀರಿ. ನಾಯಿಯ ವಿಷಯ ಕೊನೆಗೆ ಹೇಳುತ್ತೇನೆ, ಅದನ್ನು ಬಿಡದೆ ಓದಿ.

ಮೇಲೆ ಒಬ್ಬರು "ರಾಡ್ ಯಾಕೆ, ಕೈಯಲ್ಲೇ ಬಾಚಿ ತನ್ನಿ" ಅಂತ ಬರೆದಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ನಮ್ಮ ಮಲೆನಾಡಲ್ಲಿ ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಮೇಲಕ್ಕೆ ಏರುವ ಹತ್ತುಮೀನು ಬಂದಾಗ ಮೀನು ಸಿಕ್ಕಿಸುವ ಕೂಣಿ ಇಡೋದು, ಕತ್ತಿ ಹಿಡಿದು ಗದ್ದೆಗೆ ಇಳಿಯೋದು ನೋಡಿ ಬೆಳೆದವರಿಗೆ ಕೈ ತುರಿಸುತ್ತೆ, ಒಪ್ಪುತ್ತೇನೆ. ಇಲ್ಲಿ ಮಾತ್ರ ನಮ್ಮಂಥವರಿಗೆ ಸಾಲ್ಮನ್ ಹಿಡಿಯಲು ಗಾಳವೊಂದೇ ದಾರಿ. ಅದೂ ಮೀನು ತಾನಾಗಿ ಬಾಯಿ ಹಾಕಿ, ಗಾಳ ಬಾಯಿಯ ಒಳಗೆ ಸಿಕ್ಕಿರಬೇಕು. ಬೆನ್ನಿಗೋ ಬಾಲಕ್ಕೋ ಸಿಕ್ಕಿದರೆ ಬಿಡಲೇಬೇಕು. ಬೇಕಂತಲೇ ಎಳೆದು ಮೈಗೆ ಚುಚ್ಚುವುದಕ್ಕೆ ಸ್ನ್ಯಾಗಿಂಗ್ ಅಂತಾರೆ, ಅದು ಅಪರಾಧ. ಹಳ್ಳದ ದಂಡೆಯಲ್ಲಿ ಅಧಿಕಾರಿಗಳು ಮಫ್ತಿಯಲ್ಲೂ ನಿಂತಿರುತ್ತಾರೆ.

ಇನ್ನೊಂದು ಮುಖ್ಯ ವಿಷಯ. ನಿಮ್ಮೂರಿನವರೆಗೂ ಚಾಚಿರುವ ಸಮುದ್ರದ ಕವಲು ಪ್ಯೂಜೆಟ್ ಸೌಂಡ್ ಸುತ್ತಲಿನ ಹಳ್ಳ ಹೊಳೆಗಳಲ್ಲಿ ನಿಯಮ ಉಲ್ಟಾ ಇದೆ. ಮೀನು ಹಿಡಿಯುವ ನಿಯಮಗಳ ಪುಸ್ತಕದಲ್ಲಿ "ತೆರೆದಿದೆ" ಅಂತ ಹೆಸರು ಹಾಕಿ ಬರೆದಿದ್ದರೆ ಮಾತ್ರ ತೆರೆದಿದೆ. ಹೆಸರು ಕಾಣಲಿಲ್ಲ ಅಂದರೆ ಮುಚ್ಚಿದೆ ಅಂತಲೇ ಅರ್ಥ. ಹಾಗಾಗಿ ಪಟ್ಟಿಯಲ್ಲಿ ನೋಡದೆ ನಿಮ್ಮ ಮನೆ ಹಿಂದಿನ ಹಳ್ಳಕ್ಕೆ ಕೈ ಹಾಕಬೇಡಿ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯದ್ದು ಫಿಶ್ ವಾಷಿಂಗ್ಟನ್ ಅಂತ ಆ್ಯಪ್ ಇದೆ. ಹೊರಡುವ ದಿನ ಬೆಳಿಗ್ಗೆ ಅದನ್ನು ನೋಡಿ. ಸೀಸನ್ ನಡುವೆಯೇ ತುರ್ತು ನಿಯಮ ಹಾಕಿ ಒಂದು ಹಳ್ಳವನ್ನು ಮುಚ್ಚುವುದು ಇಲ್ಲಿ ಮಾಮೂಲು.

ಲೈಸೆನ್ಸ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ರಾಜ್ಯಕ್ಕೆ ಬಂದು ಸತತ 90 ದಿನ ಆಗಿದ್ದರೆ ನಿವಾಸಿಗಳ ದರ ಸಿಗುತ್ತೆ. ಹಳ್ಳದ ಬಾಯಿ ಸಮುದ್ರಕ್ಕೆ ಸೇರುವ ಕಡೆ ಎಲ್ಲಿ ಸಿಹಿನೀರು ಮುಗಿಯುತ್ತೆ, ಎಲ್ಲಿ ಉಪ್ಪುನೀರು ಶುರು ಅನ್ನೋ ಗೊಂದಲ ಬೇಡ, ಎರಡಕ್ಕೂ ಸೇರಿದ ಕಾಂಬಿನೇಷನ್ ಲೈಸೆನ್ಸೇ ತಗೊಳ್ಳಿ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಅದರ ವರ್ಷ. ಜೊತೆಗೆ ಕ್ಯಾಚ್ ರೆಕಾರ್ಡ್ ಕಾರ್ಡ್ ಬೇಕು. ಇಟ್ಟುಕೊಳ್ಳುವ ಮೀನು ಕೈಗೆ ಬಂದ ಕೂಡಲೇ ಅದರಲ್ಲಿ ಬರೆಯಬೇಕು, ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ನಡೆಯಲ್ಲ. 15 ವರ್ಷದೊಳಗಿನ ಮಕ್ಕಳಿಗೆ ಲೈಸೆನ್ಸ್ ಬೇಡ, ಆದರೆ ಅವರಿಗೂ ಕಾರ್ಡ್ ಬೇಕು.

ಈಗ ಮೀನಿನ ವಿಷಯಕ್ಕೆ ಬರೋಣ. ನಿಮ್ಮ ಕಡೆ ಸಣ್ಣ ಹಳ್ಳಗಳಿಗೆ ಶರತ್ಕಾಲದಲ್ಲಿ ಬರೋದು ಮುಖ್ಯವಾಗಿ ಎರಡು ಜಾತಿ: ಕೋಹೋ ಮತ್ತು ಚಮ್. ಕೋಹೋ ಅಕ್ಟೋಬರ್ ಮಳೆ ಹಿಡಿದ ಕೂಡಲೇ ಏರುತ್ತೆ. ಚಮ್ ನವೆಂಬರ್‌ನಲ್ಲಿ ದಂಡಿಯಾಗಿ ಬರುತ್ತೆ. ಗುರುತು ಸುಲಭ. ಚಮ್‌ಗೆ ಮೈ ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ನೇರಳೆ, ಹಸಿರು ಬಣ್ಣದ ಪಟ್ಟೆ, ಬೆನ್ನಿನ ಮೇಲೆ ಚುಕ್ಕೆ ಇರಲ್ಲ. ಕೋಹೋಗೆ ಬೆನ್ನಲ್ಲಿ ಚುಕ್ಕೆ, ಬಾಲದ ಮೇಲಿನ ಅರ್ಧದಲ್ಲಿ ಮಾತ್ರ ಚುಕ್ಕೆ, ಕೆಳದವಡೆಯಲ್ಲಿ ಹಲ್ಲಿನ ಬುಡದ ಒಸಡು ಬಿಳಿ. ಒಸಡು ಕಪ್ಪು, ಬಾಲದ ಎರಡೂ ಭಾಗದಲ್ಲಿ ಚುಕ್ಕೆ ಕಂಡರೆ ಅದು ಚಿನೂಕ್. ಹೆಚ್ಚಿನ ಕಡೆ ಅದನ್ನು ಬಿಡಬೇಕಾಗುತ್ತೆ.

ಕೋಹೋದಲ್ಲಿ ಇನ್ನೊಂದು ನೋಡಬೇಕು. ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಬೆರಳ ತುದಿಯಷ್ಟು ಮಾಂಸದ ಸಣ್ಣ ರೆಕ್ಕೆ ಇರುತ್ತೆ. ಮೀನು ಮರಿ ಮಾಡಿ ಹೊಳೆಗೆ ಬಿಡುವ ಹ್ಯಾಚರಿಯಲ್ಲಿ ಮರಿ ಇದ್ದಾಗಲೇ ಅದನ್ನು ಕತ್ತರಿಸಿ ಬಿಡುತ್ತಾರೆ. ಆ ಜಾಗ ಸಪಾಟಾಗಿ, ಗಾಯ ಮಾಗಿದ ಹಾಗೆ ಇದ್ದರೆ ಹ್ಯಾಚರಿ ಮೀನು. ರೆಕ್ಕೆ ಇದ್ದರೆ ಕಾಡು ಮೀನು, ಎಷ್ಟೋ ಕಡೆ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಮೀನು ನೀರಲ್ಲಿ ಇರುವಾಗಲೇ ಇದನ್ನು ನೋಡಿ ತೀರ್ಮಾನ ಮಾಡಿ. ಬಿಡಬೇಕಾದ ಸಾಲ್ಮನ್ ಅನ್ನು ಹೊಳೆ ಹಳ್ಳದಲ್ಲಿ ಪೂರ್ತಿ ನೀರಿಂದ ಹೊರಗೆ ಎತ್ತುವುದೂ ತಪ್ಪು. ಎದೆಗೆ ಅಪ್ಪಿಕೊಂಡು ಫೋಟೋ ತೆಗೆದು ಆಮೇಲೆ ಬಿಡೋದು ಇಲ್ಲಿ ನಡೆಯಲ್ಲ.

ಎಲ್ಲಿ ಹಿಡಿಯೋದು ಅನ್ನೋದೇ ನನ್ನ ಪ್ರಕಾರ ಅಸಲಿ ಪ್ರಶ್ನೆ, ರಾಡ್ ಅಲ್ಲ. ಸಣ್ಣ ಹಳ್ಳದಲ್ಲಿ ಅಳಿವೆಯಿಂದ ಮೇಲಕ್ಕೆ ಹೋದಷ್ಟೂ ಮೀನು ಕೆಡುತ್ತಾ ಹೋಗುತ್ತೆ. ಸಮುದ್ರ ಬಿಟ್ಟ ಮೇಲೆ ಅದು ಹೊಟ್ಟೆಗೆ ತಿನ್ನಲ್ಲ. ಮೈಯಲ್ಲಿದ್ದ ಕೊಬ್ಬು, ಮಾಂಸ ಎಲ್ಲ ಕರಗಿ ಮೊಟ್ಟೆಗೆ ಹೋಗುತ್ತೆ. ಬೆಳ್ಳಿ ಬಣ್ಣ ಹೋಗಿ ಕಪ್ಪಾಗುತ್ತೆ, ಗಂಡಿನ ಮೂತಿ ಕೊಕ್ಕೆಯಾಗಿ ಬಗ್ಗುತ್ತೆ. ನಿಮ್ಮ ಫೋಟೋದಲ್ಲಿರೋದು ಅಂಥವೇ: ಬಾಲದ ಅಂಚು ಸವೆದು ಬೆಳ್ಳಗಾಗಿದೆ, ಅಂದರೆ ಅದು ಹೆಣ್ಣು, ಬಾಲದಿಂದ ಜಲ್ಲಿ ತೋಡಿದೆ. ಅದನ್ನು ಹಿಡಿದರೆ ನಿಮಗೆ ತಿನ್ನೋಕೆ ಏನೂ ಸಿಗಲ್ಲ, ಹಳ್ಳಕ್ಕೆ ಮಾತ್ರ ಒಂದು ಸಂಸಾರ ನಷ್ಟ. ಹಳ್ಳದ ತಳ ಎಲ್ಲ ಪಾಚಿ ಹಿಡಿದು ಕಂದಾಗಿದ್ದು, ನಡುವೆ ಒಂದು ಕಡೆ ಜಲ್ಲಿ ತೊಳೆದ ಹಾಗೆ ತಿಳಿಯಾಗಿ ಕಂಡರೆ ಅದೇ ಗೂಡು. ಅದರೊಳಗೆ ಮೊಟ್ಟೆ ಇರುತ್ತೆ. ಅಲ್ಲಿ ಕಾಲಿಡಬೇಡಿ, ನಾಯಿಯನ್ನೂ ಇಳಿಸಬೇಡಿ. ಕೋಹೋ ಮರಿ ಮೊಟ್ಟೆಯಿಂದ ಬಂದ ಮೇಲೆ ಒಂದು ವರ್ಷಕ್ಕೂ ಜಾಸ್ತಿ ಇದೇ ಸಣ್ಣ ಹಳ್ಳದಲ್ಲಿ ಇರುತ್ತೆ. ಚಮ್ ಮರಿ ಹಾಗಲ್ಲ, ವಸಂತದಲ್ಲಿ ಹೊರಬಂದ ಕೂಡಲೇ ಸಮುದ್ರದ ಕಡೆ ಹೊರಡುತ್ತೆ.

ಅದಕ್ಕೇ ಗಾಳ ಅಳಿವೆ ಹತ್ತಿರ ಹಾಕಿ ಅನ್ನೋದು. ನಿಮಗೆ ಹತ್ತಿರದಲ್ಲೇ, ಒಲಿಂಪಿಯಾದಿಂದ ಶೆಲ್ಟನ್‌ಗೆ ಹೋಗುವ ದಾರಿಯಲ್ಲಿ ಕೆನಡಿ ಕ್ರೀಕ್ ಅನ್ನೋ ಹಳ್ಳ ಇದೆ. ಚಮ್‌ಗೆ ಹೆಸರುವಾಸಿ. ಅದು ಟಾಟನ್ ಇನ್‌ಲೆಟ್ ಅನ್ನೋ ಸಮುದ್ರದ ಕಿರುಕವಲಿಗೆ ಸೇರುತ್ತೆ. ಎಲ್ಲಿಂದ ಎಲ್ಲಿವರೆಗೆ ಹಿಡಿಯಬಹುದು, ಯಾವ ದಿನಾಂಕದವರೆಗೆ ಅನ್ನೋದನ್ನು ಈ ವರ್ಷದ ನಿಯಮದಲ್ಲಿ ನೋಡಿಕೊಳ್ಳಿ. ಮೇಲಿನ ಭಾಗದಲ್ಲಿ ಮೀನು ನೋಡೋಕೆ ಸಾಲ್ಮನ್ ಟ್ರೇಲ್ ಅನ್ನೋ ಕಾಲುದಾರಿ ಇದೆ, ನವೆಂಬರ್ ವಾರಾಂತ್ಯಗಳಲ್ಲಿ ಜನರಿಗೆ ಬಿಡುತ್ತಾರೆ. ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ. ಅಷ್ಟು ಹತ್ತಿರದಿಂದ ಮೀನು ಜಗಳ ಆಡೋದು, ಗೂಡು ತೋಡೋದು ಗಾಳ ಹಿಡಿದು ನಿಂತರೂ ಕಾಣಲ್ಲ.

ಅಳಿವೆಗೆ ಹೋದಾಗ ಎರಡು ಎಚ್ಚರಿಕೆ. ಈ ರಾಜ್ಯದಲ್ಲಿ ಉಬ್ಬರ ಇಳಿತದ ನಡುವಿನ ಮಣ್ಣು ಸಾರ್ವಜನಿಕವೇ ಆಗಿರಬೇಕಿಲ್ಲ, ಬೇಕಾದಷ್ಟು ಖಾಸಗಿ ಜಾಗ ಇದೆ. ಟಾಟನ್ ಇನ್‌ಲೆಟ್ ಸುತ್ತ ಸಿಂಪಿ ಸಾಕುತ್ತಾರೆ. ಯಾರದೋ ಸಿಂಪಿ ಮೇಲೆ ಬೂಟು ಹಾಕಿ ನಡೆದರೆ ಬೈಸಿಕೊಳ್ಳೋದು ಖಂಡಿತ. ಎರಡನೇದು ಕೆಸರು. ಮೇಲೆ ಗಟ್ಟಿ ಕಂಡರೂ ತೊಡೆವರೆಗೆ ಹೂತುಹೋಗುತ್ತೆ, ನೀರು ಏರುವ ಹೊತ್ತಲ್ಲಿ ಅದು ತಮಾಷೆ ಅಲ್ಲ. ಒಬ್ಬರೇ ಹೋಗಬೇಡಿ.

ಹಾಗೇ, ಇನ್‌ಲೆಟ್‌ಗಳಲ್ಲಿ ಬಲೆ ಕಂಡು ಕೆಲವರು ಸಿಟ್ಟಾಗುತ್ತಾರೆ. ಅದು ಮೂಲನಿವಾಸಿ ಬುಡಕಟ್ಟುಗಳ ಒಪ್ಪಂದದ ಹಕ್ಕು. ಅಮೆರಿಕ ಸರ್ಕಾರದ ಜೊತೆಗಿನ 1854ರ ಮೆಡಿಸಿನ್ ಕ್ರೀಕ್ ಒಪ್ಪಂದದಲ್ಲಿ ಉಳಿಸಿಕೊಂಡಿದ್ದು, 1974ರಲ್ಲಿ ನ್ಯಾಯಾಧೀಶ ಬೋಲ್ಟ್ ತೀರ್ಪು ಕೊಟ್ಟು ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದು ಅಂದರು. ಅಲ್ಲಿ ನಿಂತು ವಾದ ಮಾಡಲು ಹೋಗಬೇಡಿ.

ಸಾಮಾನು ಹೇಳುತ್ತೇನೆ. ಎಂಟೂವರೆ, ಒಂಬತ್ತು ಅಡಿಯ ಮೀಡಿಯಂ ರಾಡ್, 3000 ಸೈಜಿನ ಸ್ಪಿನ್ನಿಂಗ್ ರೀಲ್, 30 ಪೌಂಡ್ ತಡೆಯುವ ಹೆಣೆದ ದಾರ (ಬ್ರೇಡ್), ತುದಿಗೆ ಎರಡು ಮೂರು ಅಡಿ 12 ಅಥವಾ 15 ಪೌಂಡಿನ ತುದಿದಾರ (ಲೀಡರ್). ದುಬಾರಿ ಬೇಡ. ಚಮ್‌ಗೆ ಬೆಂಡು ಮತ್ತು ಜಿಗ್ (ತಲೆಗೆ ಭಾರ ಕೂರಿಸಿದ ಗಾಳ) ಸಾಕು. ಗುಲಾಬಿ ಅಥವಾ ನೇರಳೆ ಪುಕ್ಕದ ಜಿಗ್, ಕಾಲು ಔನ್ಸಿನೊಳಗೆ. ಕೆಲವರು ತುದಿಗೆ ಸಿಗಡಿ ಚೂರು ಸಿಕ್ಕಿಸುತ್ತಾರೆ. ಆದರೆ ಸೆಲೆಕ್ಟಿವ್ ಗೇರ್ ನಿಯಮ ಇರುವ ಹಳ್ಳದಲ್ಲಿ ಎರೆ ಹಾಕುವ ಹಾಗಿಲ್ಲ. ಗಾಳವೂ ಒಂಟಿ, ತುದಿಯಲ್ಲಿ ಹಿಮ್ಮುಖದ ಮುಳ್ಳಿಲ್ಲದ್ದು ಆಗಿರಬೇಕು. ಇಕ್ಕಳದಿಂದ ಮುಳ್ಳನ್ನು ಪೂರ್ತಿ ಒತ್ತಿ, ಹತ್ತಿಬಟ್ಟೆಗೆ ಚುಚ್ಚಿ ಎಳೆದು ನೋಡಿ. ನೂಲು ಹಿಡಿದರೆ ಇನ್ನೂ ಒತ್ತಬೇಕು.

ಬೆಂಡಿನ ಕೆಳಗೆ ಎಷ್ಟು ಆಳ ಬಿಡಬೇಕು ಅನ್ನೋದರಲ್ಲೇ ಅರ್ಧ ಕೆಲಸ ಇದೆ. ಮಡು ನಾಲ್ಕಡಿ ಇದ್ದರೆ ಜಿಗ್ ಮೂರಡಿಯಲ್ಲಿ ಇರಲಿ. ಮೀನು ತಳದ ಹತ್ತಿರ ನಿಂತಿರುತ್ತೆ, ತನ್ನ ಮೂತಿ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ಬಂದದ್ದಕ್ಕೆ ಬಾಯಿ ಹಾಕುತ್ತೆ. ಜಿಗ್ ತಳಕ್ಕೆ ತಾಗುತ್ತಾ ಹೋದರೆ ಲೈನು ಮೀನಿನ ಮೈ ಉಜ್ಜಿ ರೆಕ್ಕೆಗೆ ಸಿಕ್ಕುತ್ತೆ. ಮೈಗೆ ಸಿಕ್ಕಿಬೀಳೋದು ಬಹಳ ಸಲ ಹೀಗೇ. ಮೇಲಿಂದ ಹಾಕಿ, ನೀರಿನ ವೇಗಕ್ಕೆ ಬೆಂಡು ತಾನೇ ಹೋಗಲಿ, ಎಳೆಯಬೇಡಿ. ಚಮ್ ಹಿಡಿದಾಗ ಬೆಂಡು ಕುಣಿಯಲ್ಲ. ಒಂದು ಕ್ಷಣ ಓರೆಯಾಗಿ ನಿಲ್ಲುತ್ತೆ, ಆಮೇಲೆ ಮೆತ್ತಗೆ ಪಕ್ಕಕ್ಕೆ ಜಾರಿ ಮುಳುಗುತ್ತೆ. ಆಗ ರಾಡನ್ನು ಪಕ್ಕಕ್ಕೆ ಬಾಗಿಸಿ ಗಟ್ಟಿಯಾಗಿ ಹಿಡಿಯಿರಿ, ಆಕಾಶಕ್ಕೆ ಜಗ್ಗಬೇಡಿ. ಮೀನು ತಲೆ ಅಲ್ಲಾಡಿಸುವುದು ಕೈಗೆ ಗೊತ್ತಾದರೆ ಬಾಯಿಗೇ ಸಿಕ್ಕಿದೆ. ತಲೆ ಅಲುಗದೆ ಅಡ್ಡಡ್ಡ ಎಳೆದುಕೊಂಡು ಓಡಿದರೆ ಮೈಗೆ ಸಿಕ್ಕಿದೆ ಅಂತ ತಿಳಿಯಿರಿ. ಸುಮ್ನೆ ಸುಸ್ತು ಮಾಡಬೇಡಿ, ರಾಡ್ ನೇರ ಮಾಡಿ ಲೈನ್ ಸಡಿಲ ಬಿಡಿ, ಮುಳ್ಳಿಲ್ಲದ ಗಾಳ ಕಳಚಿಕೊಳ್ಳುತ್ತೆ.

ಕೋಹೋಗೆ ಸ್ವಲ್ಪ ಬೇರೆ. ಓಡುವ ನೀರಿಗಿಂತ ಬಿದ್ದ ಮರದ ಪಕ್ಕ, ನಿಂತ ಹಾಗಿರುವ ಮಡುವಿನಲ್ಲಿ ಇರುತ್ತೆ. ಜಿಗ್ ಎಸೆದು, ಮುಳುಗಲು ಬಿಟ್ಟು, ರಾಡಿನ ತುದಿಯಲ್ಲಿ ಚಿಟಿಕೆ ಹೊಡೆದ ಹಾಗೆ ಎತ್ತಿ ಬಿಡಿ. ಕೆಳಗೆ ಬೀಳುವಾಗಲೇ ಹಿಡಿಯೋದು ಜಾಸ್ತಿ. ನಸುಕಿನ ಹೊತ್ತು ಒಳ್ಳೇದು, ಬಿಸಿಲು ನೀರಿಗೆ ಬಿದ್ದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತೆ.

ದಿನ ಆರಿಸುವಾಗ ಮಳೆ ನೋಡಿ. ಮಳೆ ಸುರಿಯುವ ದಿನ ನೀರು ಕೆಂಪಾಗಿ ಏನೂ ಕಾಣಲ್ಲ. ನಿಂತ ಮಾರನೇ ದಿನ ನೀರು ಇಳಿಯುತ್ತಾ ಹಸಿರು ಬಣ್ಣಕ್ಕೆ ಬರುತ್ತೆ, ಅದೇ ಸರಿಯಾದ ಹೊತ್ತು. ಅಳಿವೆಯಲ್ಲಾದರೆ ಉಬ್ಬರ ಏರುವಾಗ ಹೊಸ ಮೀನು ಒಳಗೆ ಬರುತ್ತೆ. ರಾತ್ರಿ ನಿಷೇಧ ಇರುವ ಕಡೆ ಸೂರ್ಯ ಮುಳುಗಿ ಒಂದು ಗಂಟೆ ಮೇಲೆ ಗಾಳ ನೀರಲ್ಲಿ ಇರಬಾರದು. ನವೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೇ ಕತ್ತಲು ಕಟ್ಟುತ್ತೆ, ಮರೆಯಬೇಡಿ.

ಇಟ್ಟುಕೊಳ್ಳುವ ಮೀನನ್ನು ಕೂಡಲೇ ತಲೆಗೆ ಹೊಡೆದು ಕೊಂದು, ಕಿವಿರು ಕತ್ತರಿಸಿ ರಕ್ತ ಇಳಿಸಿ, ಐಸ್ ಮೇಲೆ ಹಾಕಿ. ಬೆಳ್ಳಿ ಹೊಳಪಿನ ಕೋಹೋ ಆದರೆ ದಪ್ಪ ತುಂಡು ಮಾಡಿ ಖಾರ, ಹುಣಸೆ ಹಚ್ಚಿ ತವಾ ಫ್ರೈ ಮಾಡಿ. ಸಾರಿಗೆ ಹಾಕುವುದಾದರೆ ಸಾರು ಪೂರ್ತಿ ಕುದ್ದ ಮೇಲೆ ಕೊನೆಗೆ ಬಿಡಿ, ಸೌಟು ಹಾಕಿ ತಿರುವಬೇಡಿ, ಪುಡಿಯಾಗುತ್ತೆ. ಪಟ್ಟೆ ಎದ್ದ ಚಮ್ ಹೊಗೆ ಹಾಕಿ ಒಣಗಿಸಲು ಪರವಾಗಿಲ್ಲ, ಫ್ರೈಗೆ ಸಪ್ಪೆ. ಹಸಿಯಾಗಿ ತಿನ್ನುವ ಶೋಕಿ ಬೇಡ, ಹುಳ ಇರುತ್ತೆ. ಚೆನ್ನಾಗಿ ಬೇಯಿಸಿ.

ಸತ್ತ ಮೀನಿನ ಬಗ್ಗೆ ಕೇಳಿದ್ದಿರಲ್ಲ. ಪೆಸಿಫಿಕ್ ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯುತ್ತೆ, ಅದು ಸಹಜ. ಆ ಹೆಣಗಳನ್ನು ಎತ್ತಿ ಹಾಕಬೇಡಿ, ಹಳ್ಳಕ್ಕೆ ಅದೇ ಗೊಬ್ಬರ. ಆದರೆ ನೀವು ಬರೆದ ಹಾಗೆ ಮೊದಲ ಮಳೆ ಆದ ಕೂಡಲೇ, ಹೊಟ್ಟೆ ತುಂಬ ಮೊಟ್ಟೆ ಇರುವಾಗಲೇ ಕೋಹೋ ಬಾಯಿ ಬಿಟ್ಟು ತಿರುಗಿ ತಿರುಗಿ ಸತ್ತರೆ ರಸ್ತೆ ನೀರಿನ ಮೇಲೆ ಅನುಮಾನ ಬರುತ್ತೆ. ಕಾರಿನ ಟೈರು ಹಾಳಾಗದಿರಲಿ ಅಂತ ಸೇರಿಸುವ ಒಂದು ರಾಸಾಯನಿಕ ಗಾಳಿಯ ಓಝೋನ್ ತಾಗಿ 6ಪಿಪಿಡಿ-ಕ್ವಿನೋನ್ ಆಗುತ್ತೆ. ರಸ್ತೆ ತೊಳೆದ ಮಳೆ ನೀರಿನ ಜೊತೆ ಹಳ್ಳಕ್ಕೆ ಬಂದು ಕೋಹೋಗಳನ್ನು ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತೆ. ಇಲ್ಲಿನ ವಿಶ್ವವಿದ್ಯಾಲಯಗಳ ಸಂಶೋಧಕರು ಇದನ್ನು ಪತ್ತೆ ಮಾಡಿ 2020ರ ಕೊನೆಯಲ್ಲಿ ಪ್ರಕಟಿಸಿದರು. ವಿಚಿತ್ರ ಅಂದರೆ ಅದೇ ನೀರಲ್ಲಿ ಚಮ್ ಆರಾಮಾಗಿ ಇರುತ್ತೆ.

ಇನ್ನು ನಾಯಿ. ಹಸಿ ಸಾಲ್ಮನ್ ತಿಂದರೆ ನಾಯಿ ಸಾಯಬಹುದು. ಮೀನಿನೊಳಗಿನ ಒಂದು ಸಣ್ಣ ಹುಳದ ಜೊತೆ ಬ್ಯಾಕ್ಟೀರಿಯಾ ಹೋಗಿ ಸೇರುತ್ತೆ. ಸುಮಾರು ಒಂದು ವಾರದೊಳಗೆ ಜ್ವರ, ವಾಂತಿ, ಭೇದಿ ಶುರುವಾಗುತ್ತೆ. ಔಷಧಿ ಕೊಡದಿದ್ದರೆ ಹೆಚ್ಚಿನವು ಉಳಿಯಲ್ಲ, ಬೇಗ ಕೊಟ್ಟರೆ ಗುಣವಾಗುತ್ತೆ. ಬೆಕ್ಕಿಗೆ, ನಮಗೆ ಈ ಕಾಯಿಲೆ ಬರಲ್ಲ. ಹಳ್ಳದ ದಂಡೆಯಲ್ಲಿ ಹೆಣ ಬಿದ್ದಿರುವಷ್ಟು ದಿನ ಬೆಲ್ಟ್ ಬಿಚ್ಚಬೇಡಿ, ಮೀನು ಕ್ಲೀನ್ ಮಾಡಿದ ಕರುಳು ತಲೆ ಅದರ ಬಾಯಿಗೆ ಸಿಗುವ ಕಡೆ ಇಡಬೇಡಿ. ತಿಂದಿದೆ ಅನ್ನಿಸಿದರೆ ಲಕ್ಷಣ ಬರಲಿ ಅಂತ ಕಾಯದೆ ವೆಟ್‌ಗೆ ಫೋನ್ ಮಾಡಿ, "ಸಾಲ್ಮನ್ ತಿಂದಿದೆ" ಅಂತ ಮೊದಲ ಮಾತಲ್ಲೇ ಹೇಳಿ.