ಕ್ರೋಮ್ ಬಿಟ್ಟು ಬೇರೆ ಬ್ರೌಸರ್‌ಗೆ ಹೋಗುವ ಮೊದಲು ಏನೇನು ನೋಡಬೇಕು?

ವರ್ಷಗಳಿಂದ ಕ್ರೋಮ್ ಬಳಸುತ್ತಿದ್ದೀರಿ, ಗೆಳೆಯರು ಬ್ರೇವ್‌ಗೆ ಬನ್ನಿ ಅನ್ನುತ್ತಾರೆ, ನಿಮ್ಮ ತಮ್ಮನೋ ಹೊಸ ಎಐ ಬ್ರೌಸರ್ ಹಾಕಿಕೋ ಅನ್ನುತ್ತಾನೆ, ನೆಟ್ ಬ್ಯಾಂಕಿಂಗ್ ಕೂಡ ಬ್ರೌಸರ್‌ನಲ್ಲೇ ಮಾಡಬೇಕು, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಇಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಕಳ್ಳರು ಒಳಗೆ ನುಗ್ಗಬಹುದಾ ಅನ್ನುವುದು ಒಂದು. ನಾನು ಏನು ನೋಡುತ್ತೇನೆ ಅನ್ನುವುದು ಯಾರಿಗೆಲ್ಲ ಗೊತ್ತಾಗುತ್ತದೆ ಅನ್ನುವುದು ಇನ್ನೊಂದು. ಕ್ರೋಮ್‌ನ ಕಥೆ ಏನೆಂದರೆ ಬಾಗಿಲು ಭದ್ರ, ಆದರೆ ಮನೆ ಓನರ್ ಕಿಟಕಿಯಲ್ಲಿ ಇಣುಕುತ್ತಿರುತ್ತಾನೆ. ಕ್ರೋಮ್ ಮಾಡುವ ಗೂಗಲ್‌ಗೆ ಬರುವ ದುಡ್ಡಿನಲ್ಲಿ ದೊಡ್ಡ ಪಾಲು ಜಾಹೀರಾತಿನದ್ದು. ನಮ್ಮನ್ನು ಒಂದು ಸೈಟ್‌ನಿಂದ ಇನ್ನೊಂದಕ್ಕೆ ಹಿಂಬಾಲಿಸುವ ಥರ್ಡ್ ಪಾರ್ಟಿ ಕುಕೀಗಳನ್ನು ತೆಗೆದುಹಾಕುತ್ತೇವೆ ಅಂತ 2020ರಲ್ಲಿ ಹೇಳಿದರು. 2024ರಲ್ಲಿ ಆ ಮಾತನ್ನು ಕೈಬಿಟ್ಟರು.

ಬ್ಯಾಂಕ್ ಕೆಲಸ ಇದೆ ಅಂದಿರಲ್ಲ, ಅದಕ್ಕೆ ಮೊದಲು ಭದ್ರತೆಯನ್ನೇ ನೋಡೋಣ. ಬ್ರೇವ್, ಎಡ್ಜ್, ಒಪೆರಾ, ವಿವಾಲ್ಡಿ, ಚೆನ್ನೈನ ಜೋಹೋದವರ ಉಲಾ, ಎಲ್ಲವೂ ಕ್ರೋಮಿಯಂ ಮೇಲೆ, ಅಂದರೆ ಕ್ರೋಮ್‌ಗೂ ಅಡಿಪಾಯವಾಗಿರುವ ಕೋಡ್ ಮೇಲೆ ಕಟ್ಟಿದವು. ಫೈರ್‌ಫಾಕ್ಸ್ ಮತ್ತು ಸಫಾರಿಯ ಎಂಜಿನ್ ಮಾತ್ರ ಬೇರೆ. ಕ್ರೋಮಿಯಂನಲ್ಲಿ ತೂತು ಸಿಕ್ಕಾಗ ಗೂಗಲ್ ಅದನ್ನು ಮುಚ್ಚಿ ಕ್ರೋಮ್‌ಗೆ ಅಪ್‌ಡೇಟ್ ಕೊಡುತ್ತದೆ. ಆದರೆ ಕ್ರೋಮಿಯಂ ಓಪನ್ ಸೋರ್ಸ್, ಅದರ ಕೋಡ್ ಎಲ್ಲರಿಗೂ ತೆರೆದಿದೆ. ಎಲ್ಲಿ ಏನು ಬದಲಾಯಿತು ಅಂತ ಕೆಟ್ಟವರೂ ಓದಬಹುದು. ಹಾಗಾಗಿ ಉಳಿದ ಬ್ರೌಸರ್‌ಗಳು ಆ ರಿಪೇರಿಯನ್ನು ತಂದುಕೊಳ್ಳಲು ತಡ ಮಾಡಿದಷ್ಟೂ ಅಪಾಯ ಜಾಸ್ತಿ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಬ್ರೇವ್‌ನ ಮೆನುವಿನಲ್ಲಿ 'ಅಬೌಟ್ ಬ್ರೇವ್' ತೆರೆಯಿರಿ. ಮೊದಲು ಅದರದ್ದೇ ನಂಬರ್ ಇರುತ್ತದೆ, ಪಕ್ಕದಲ್ಲೇ 'ಕ್ರೋಮಿಯಂ' ಅಂತ ಬರೆದು ನಾಲ್ಕು ಭಾಗದ ಉದ್ದ ನಂಬರ್. ಅದೇ ದಿನ ಕ್ರೋಮ್‌ನಲ್ಲೂ ಅಬೌಟ್ ಪುಟ ತೆರೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೆರಡು ದಿನ ಹಿಂದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವು ಬ್ರೌಸರ್‌ನವರು ಬೇಕೆಂದೇ ಕ್ರೋಮಿಯಂನ ಒಂದು ಬಿಟ್ಟು ಒಂದು ಆವೃತ್ತಿ ಹಿಡಿಯುತ್ತಾರೆ, ಅದಕ್ಕೂ ಗೂಗಲ್‌ನ ರಿಪೇರಿ ಸಿಗುತ್ತದೆ. ಆದರೆ ತಿಂಗಳುಗಟ್ಟಲೆ ಅದೇ ನಂಬರ್ ಕೂತಿದ್ದರೆ ಆ ಬ್ರೌಸರ್ ಎಷ್ಟೇ ಚೆಂದ ಇರಲಿ, ನನಗೆ ಬೇಡ.

ಇನ್ನು ಖಾಸಗಿತನ. ಇಲ್ಲಿ ನಾನು ಕೇಳುವುದು ಒಂದೇ, ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾಕ್ಕೆ ಹೆಚ್ಚಿನ ಆದಾಯ ಬರುವುದು ಗೂಗಲ್‌ನಿಂದಲೇ, ಅದರ ಸರ್ಚನ್ನು ಮೊದಲೇ ಇಟ್ಟು ಕೊಡುವುದಕ್ಕೆ. ಬ್ರೇವ್‌ನವರದ್ದು ಸ್ವಂತ ಜಾಹೀರಾತು ವ್ಯವಹಾರ. 2020ರಲ್ಲಿ ಕ್ರಿಪ್ಟೋ ಕರೆನ್ಸಿ ಕೊಳ್ಳುವ ಮಾರುವ ಸೈಟ್ ಬೈನಾನ್ಸ್‌ನ ವಿಳಾಸ ಟೈಪ್ ಮಾಡಿದರೆ ಬ್ರೇವ್ ತನ್ನ ಕಮಿಷನ್ ಕೋಡನ್ನು ತಾನೇ ಸೇರಿಸುತ್ತಿದ್ದದ್ದು ಬಯಲಾಯಿತು. ಸಹ ಸಂಸ್ಥಾಪಕ ಬ್ರೆಂಡನ್ ಐಕ್ ಕ್ಷಮೆ ಕೇಳಿ ಸರಿಪಡಿಸಿದರು. ಡಕ್‌ಡಕ್‌ಗೋ ಬ್ರೌಸರ್ ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳನ್ನು (ನಮ್ಮನ್ನು ಹಿಂಬಾಲಿಸುವ ಕೋಡ್) ತಡೆಯದೆ ಬಿಡುತ್ತಿದ್ದದ್ದು 2022ರಲ್ಲಿ ಗೊತ್ತಾಯಿತು, ಆಮೇಲೆ ಅದನ್ನೂ ಬದಲಿಸಿದರು. ಪೂರ್ತಿ ಶುದ್ಧರು ಯಾರೂ ಇಲ್ಲ ಬಿಡಿ. ಸಿಕ್ಕಿಬಿದ್ದಾಗ ಏನು ಮಾಡಿದರು ಅಂತ ನೋಡುತ್ತೇನೆ. ಯುಸಿ ಬ್ರೌಸರ್ ನೆನಪಿದೆಯಾ? ಒಂದು ಕಾಲಕ್ಕೆ ನಮ್ಮಲ್ಲಿ ಯಾರ ಫೋನ್ ತೆಗೆದರೂ ಇರುತ್ತಿತ್ತು. ಅದು ಬಳಕೆದಾರರ ಹುಡುಕಾಟ, ಫೋನಿನ ಗುರುತು ಎಲ್ಲವನ್ನೂ ಸರಿಯಾಗಿ ಎನ್‌ಕ್ರಿಪ್ಟ್ ಮಾಡದೆ ಕಳಿಸುತ್ತಿದೆ ಅಂತ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರ ತಂಡ ಸಿಟಿಜನ್ ಲ್ಯಾಬ್ 2015ರಲ್ಲೇ ತೋರಿಸಿತ್ತು. ಆಮೇಲೂ ಜನ ಬಳಸುತ್ತಲೇ ಇದ್ದರು. ಭಾರತದಲ್ಲಿ ಅದು ನಿಂತದ್ದು 2020ರ ಜೂನ್‌ನಲ್ಲಿ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ.

ಈಗ ತಮ್ಮನ ಎಐ ಬ್ರೌಸರ್. ಪರ್ಪ್ಲೆಕ್ಸಿಟಿಯ ಕಾಮೆಟ್, ಓಪನ್‌ಎಐನ ಅಟ್ಲಾಸ್, ಎರಡೂ 2025ರಲ್ಲಿ ಬಂದವು. ಇವು ಪುಟವನ್ನು ತೋರಿಸಿ ಸುಮ್ಮನಾಗುವುದಿಲ್ಲ. ನಿಮ್ಮ ಪರವಾಗಿ ಓದುತ್ತವೆ, ಕ್ಲಿಕ್ ಮಾಡುತ್ತವೆ, ಅದೂ ನೀವು ಲಾಗಿನ್ ಆಗಿರುವ ಖಾತೆಗಳಲ್ಲಿ. ತೊಂದರೆ ಇರುವುದೇ ಇಲ್ಲಿ. ಪುಟದಲ್ಲಿ ಬರೆದಿರುವ ಮಾತು ಯಾವುದು, ಒಡೆಯ ಹೇಳಿದ ಕೆಲಸ ಯಾವುದು ಅಂತ ಎಐಗೆ ಖಚಿತವಾಗಿ ಬೇರ್ಪಡಿಸಲು ಬರುವುದಿಲ್ಲ. ಬ್ರೇವ್‌ನ ಸಂಶೋಧಕರು 2025ರ ಆಗಸ್ಟ್‌ನಲ್ಲಿ ಕಾಮೆಟ್ ಮೇಲೆ ಇದನ್ನು ಮಾಡಿ ತೋರಿಸಿದರು (ಅವರು ಕಾಮೆಟ್‌ನ ಎದುರಾಳಿಗಳೇ, ಅದೂ ನೆನಪಿರಲಿ). ರೆಡಿಟ್ ಅನ್ನುವ ಚರ್ಚೆಯ ಸೈಟ್‌ನ ಒಂದು ಕಾಮೆಂಟ್‌ನಲ್ಲಿ ಕಣ್ಣಿಗೆ ಬೀಳದಂತೆ ಸೂಚನೆ ಬಚ್ಚಿಟ್ಟಿದ್ದರು. ಬಳಕೆದಾರ 'ಈ ಪುಟದ ಸಾರಾಂಶ ಕೊಡು' ಅಂತ ಒತ್ತಿದ್ದಷ್ಟೇ. ಬ್ರೌಸರ್ ಅವನ ಇಮೇಲ್ ವಿಳಾಸ ತೆಗೆದುಕೊಂಡು, ಜಿಮೇಲ್ ತೆರೆದು ಒಟಿಪಿ ಓದಿ, ಎರಡನ್ನೂ ಅದೇ ಕಾಮೆಂಟ್‌ಗೆ ಉತ್ತರವಾಗಿ ಹಾಕಿಬಿಟ್ಟಿತು. ಪಾಸ್‌ವರ್ಡ್ ಕದಿಯಲಿಲ್ಲ, ವೈರಸ್ ಇಳಿಸಲಿಲ್ಲ! ಇಂಥ ಬ್ರೌಸರ್ ಆಟಕ್ಕೆ, ಲೇಖನ ಓದುವುದಕ್ಕೆ ಇಟ್ಟುಕೊಳ್ಳಲಿ. ಅದರಲ್ಲಿ ಬ್ಯಾಂಕ್‌ಗಾಗಲಿ, ಒಟಿಪಿ ಬರುವ ಮೇಲ್‌ಗಾಗಲಿ ಲಾಗಿನ್ ಆಗಬೇಡ ಅಂತ ತಮ್ಮನಿಗೆ ಖಡಾಖಂಡಿತವಾಗಿ ಹೇಳಿ.

ನಾನು ಎರಡು ಬ್ರೌಸರ್ ಇಟ್ಟುಕೊಂಡಿದ್ದೇನೆ. ದಿನದ ಓದಿಗೆ ಫೈರ್‌ಫಾಕ್ಸ್, ಅದರಲ್ಲಿ ಯುಬ್ಲಾಕ್ ಒರಿಜಿನ್ ಅನ್ನುವ, ಜಾಹೀರಾತು ಮತ್ತು ಟ್ರ್ಯಾಕರ್ ತಡೆಯುವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್). ಕ್ರೋಮ್ ಆ ಎಕ್ಸ್‌ಟೆನ್ಶನ್‌ಗೆ ಬಾಗಿಲು ಹಾಕಿತು, ಫೈರ್‌ಫಾಕ್ಸ್‌ನಲ್ಲಿ ಇನ್ನೂ ನಡೆಯುತ್ತದೆ. ಬ್ಯಾಂಕ್‌ಗೆ ಎಡ್ಜ್, ಒಂದೂ ಎಕ್ಸ್‌ಟೆನ್ಶನ್ ಇಲ್ಲದೆ. ಸೆಟ್ಟಿಂಗ್ ಕೆದಕುವ ತಾಳ್ಮೆ ನಿಮಗಿಲ್ಲದಿದ್ದರೆ ಬ್ರೇವ್ ಒಳ್ಳೆಯದೇ, ಟ್ರ್ಯಾಕರ್ ತಡೆಯುವ ಕೆಲಸ ಮೊದಲ ದಿನದಿಂದಲೇ ಶುರು.

ಬದಲಿಸುವಾಗ ಒಂದು ಕಡೆ ಹುಷಾರು. ಕ್ರೋಮ್‌ನಿಂದ ಪಾಸ್‌ವರ್ಡ್ ಎಕ್ಸ್‌ಪೋರ್ಟ್ ಮಾಡಿದರೆ ಒಂದು ಸಿಎಸ್‌ವಿ ಫೈಲ್ ಬರುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ತೆರೆದು ನೋಡಿ, ಎದೆ ಧಸಕ್ ಅನ್ನುತ್ತದೆ. ಸೈಟು, ಯೂಸರ್‌ನೇಮ್, ಪಾಸ್‌ವರ್ಡ್, ಎಲ್ಲ ಸಾಲುಸಾಲಾಗಿ ಬರಿಗಣ್ಣಿಗೆ ಕಾಣುತ್ತವೆ. ಹೊಸದಕ್ಕೆ ಸೇರಿಸಿದ ಕೂಡಲೇ ಡೌನ್‌ಲೋಡ್ಸ್‌ನಿಂದ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಗೂಗಲ್ ಖಾತೆಯಲ್ಲಿ ಉಳಿದಿರುವ ಹಳೇ ಪಾಸ್‌ವರ್ಡ್‌ಗಳನ್ನು ತೆಗೆಯುವುದು ಬೇರೆ ಕೆಲಸ, ಕ್ರೋಮ್ ಅನ್‌ಇನ್‌ಸ್ಟಾಲ್ ಮಾಡಿದರೆ ಅವು ಹೋಗುವುದಿಲ್ಲ. ಫೋನಿನಲ್ಲಿ ಡೀಫಾಲ್ಟ್ ಬ್ರೌಸರ್ ಕೂಡ ಬದಲಿಸಿ, ಇಲ್ಲದಿದ್ದರೆ ವಾಟ್ಸಾಪ್‌ನಲ್ಲಿ ಒತ್ತಿದ ಲಿಂಕೆಲ್ಲ ಮತ್ತೆ ಕ್ರೋಮ್‌ನಲ್ಲೇ ತೆರೆದುಕೊಳ್ಳುತ್ತವೆ.