ಓದುಗರ ಪ್ರಶ್ನೆ: ನಗುವ ಮುಖವಾಡ ಸೋಲಿನ ಗುರುತೇ?

ಪ್ರಶ್ನೆ: ಅಮೆರಿಕದ ಕಪ್ಪು ಜನಾಂಗದ ಕವಿ ಪಾಲ್ ಲಾರೆನ್ಸ್ ಡನ್‌ಬಾರ್ ಅವರ ‘ವಿ ವೇರ್ ದ ಮಾಸ್ಕ್’ ಓದಿದೆ. ಒಳಗೆ ಎದೆ ಹರಿದಿದ್ದರೂ ಹೊರಗೆ ನಗುವ ಮುಖವಾಡ ಹಾಕಿಕೊಳ್ಳುತ್ತೇವೆ ಅನ್ನುವ ಕವಿತೆ. ದಬ್ಬಾಳಿಕೆ ಮಾಡಿದವರ ಮುಂದೆ ನಗುತ್ತಾ ನಿಲ್ಲುವುದು ಸೋಲು ಅಲ್ವಾ? ಸಿಟ್ಟೇ ಇಲ್ಲದ ಇದನ್ನು ಪ್ರತಿಭಟನೆಯ ಕವಿತೆ ಅಂತ ಯಾಕೆ ಹೊಗಳುತ್ತಾರೆ?

ಉತ್ತರ: ಇನ್ನೊಂದು ಸಲ, ಸ್ವಲ್ಪ ಜೋರಾಗಿ ಓದಿ ನೋಡಿ. ಸಿಟ್ಟು ಇದೆ.

ಮೊದಲು ಕಾಲ ನೋಡೋಣ. ಕವಿತೆ ಪುಸ್ತಕದಲ್ಲಿ ಬಂದದ್ದು 1895ರಲ್ಲಿ. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು 30 ವರ್ಷ ಆಗಿತ್ತು, ಆದರೆ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಹಿಡಿದು ನೇಣು ಹಾಕುವುದು ನಿಂತಿರಲಿಲ್ಲ. ಮರುವರ್ಷವೇ ಅಲ್ಲಿನ ಸುಪ್ರೀಂ ಕೋರ್ಟು, ಕಪ್ಪು ಜನರಿಗೆ ಬೇರೆ ರೈಲು ಬೋಗಿ ಇಟ್ಟರೆ ತಪ್ಪಿಲ್ಲ ಅಂತ ತೀರ್ಪು ಕೊಟ್ಟಿತು. ಅಂಥ ಕಡೆ ಮುಖ ಗಂಟಿಕ್ಕಿದರೂ ಜೀವಕ್ಕೆ ಅಪಾಯ. ಬದುಕಿ ಉಳಿಯಲು ನಕ್ಕವರನ್ನು ಸೋತವರು ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಇನ್ನೊಂದು ಸಂಗತಿ ಇದೆ. ಬಿಳಿ ನಟರು ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಜನ ಅಂದರೆ ಸದಾ ಹಲ್ಲು ಕಿರಿದು ಕುಣಿಯುವವರು ಅಂತ ತೋರಿಸುವ ಮಿನ್‌ಸ್ಟ್ರೆಲ್ ಆಟಗಳು ಆಗ ದಶಕಗಳಿಂದ ನಡೆದುಬಂದಿದ್ದವು. ಇವರಿಗೆ ನೋವೇ ಆಗುವುದಿಲ್ಲ ಅಂತ ನಂಬಿದರೆ ನೋಯಿಸಿದವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಸ್ವತಃ ಗುಲಾಮರಾಗಿದ್ದ ಫ್ರೆಡರಿಕ್ ಡಗ್ಲಸ್ 1845ರ ಆತ್ಮಕಥೆಯಲ್ಲೇ ಇದನ್ನು ಹೇಳಿದ್ದರು: ಗುಲಾಮರು ಹಾಡುತ್ತಾರೆ ಅಂದರೆ ಸುಖವಾಗಿದ್ದಾರೆ ಅಂದುಕೊಂಡವರನ್ನು ಕಂಡು ತಾನು ದಂಗಾದೆ, ಗುಲಾಮರು ಜಾಸ್ತಿ ಹಾಡುವುದು ತೀರಾ ದುಃಖದಲ್ಲಿದ್ದಾಗ ಅಂತ.

ಈಗ ಕವಿತೆಗೆ ಬನ್ನಿ. ನಮ್ಮ ಕಣ್ಣೀರು, ನಿಟ್ಟುಸಿರು ಎಲ್ಲ ಎಣಿಸಿ ಜಗತ್ತಿಗೆ ಏನಾಗಬೇಕು, ನಾವು ಮುಖವಾಡ ಹಾಕಿಕೊಂಡಿದ್ದಾಗ ಮಾತ್ರ ಅವರು ನಮ್ಮನ್ನು ನೋಡಲಿ ಅನ್ನುತ್ತಾರೆ ಡನ್‌ಬಾರ್. ಸಿಟ್ಟು ಇರುವುದು ಇಲ್ಲಿ. ನಮ್ಮ ನೋವು ನೋಡುವ ಯೋಗ್ಯತೆ ನಿಮಗಿಲ್ಲ ಅಂತ ಬಾಗಿಲು ಹಾಕಿದ ಹಾಗೆ. ಕೊನೆಯಲ್ಲಿ ಕೂಗು ಏಳುತ್ತದೆ, ಆದರೆ ಅದು ಹೋಗುವುದು ಕ್ರಿಸ್ತನ ಹತ್ತಿರ, ಹಿಂಸೆ ಕೊಟ್ಟವರ ಹತ್ತಿರ ಅಲ್ಲ. ಆದರೂ ಇದನ್ನೆಲ್ಲ ಅಚ್ಚು ಹಾಕಿಸಿ ಎಲ್ಲರ ಕೈಗೆ ಕೊಟ್ಟಿದ್ದಾರೆ ನೋಡಿ! ‘ನಾನು ಮುಖವಾಡ ಹಾಕಿದ್ದೇನೆ’ ಅಂತ ಬಾಯಿಬಿಟ್ಟು ಹೇಳಿದ ಮೇಲೆ ಆ ನಗುವನ್ನು ಯಾರು ನಂಬುತ್ತಾರೆ?

ರಚನೆಯನ್ನೂ ಗಮನಿಸಿ. ಇದು ರಾಂಡೊ ಎಂಬ ಹಳೆಯ ಫ್ರೆಂಚ್ ಪದ್ಯರೂಪ. 15 ಸಾಲು, ಎರಡೇ ಪ್ರಾಸ, ಮೊದಲ ಸಾಲಿನ ತುಣುಕು ಪಲ್ಲವಿಯಾಗಿ ಎರಡು ಸಲ ಮರಳಿ ಬರುತ್ತದೆ. ಕೇಳಲು ಹಗುರ, ಚೆಂದ. ಒಳಗಿರುವುದು ನೆತ್ತರು ಸುರಿಯುವ ಎದೆ. ಕವಿತೆ ಯಾವುದರ ಬಗ್ಗೆ ಮಾತಾಡುತ್ತದೋ ಅದನ್ನೇ ತಾನೂ ಮಾಡುತ್ತಿದೆ, ನನಗೆ ತುಂಬಾ ಇಷ್ಟವಾಗುವುದು ಇದೇ.

ಪ್ರಶ್ನೆ: ಆ ಕವಿತೆಯಲ್ಲಿ ಕಪ್ಪು ಜನರ ಮಾತೇ ಇಲ್ಲ, ಬರೀ ‘ನಾವು’ ಅಂತಿದೆ. ಹಾಗಾದರೆ ಅದು ಎಲ್ಲರ ಕವಿತೆ ಅಲ್ವಾ?

ಉತ್ತರ: ಯಾರು ಬೇಕಾದರೂ ಅದರಲ್ಲಿ ತಮ್ಮ ನೋವು ಕಾಣಬಹುದು, ಬೇಡ ಅನ್ನುವುದಿಲ್ಲ. ಆದರೆ ಬರೆದವರು ಯಾರು ಅನ್ನುವುದನ್ನು ದಯವಿಟ್ಟು ಮರೆಯಬೇಡಿ. ಡನ್‌ಬಾರ್ 1872ರಲ್ಲಿ ಒಹಾಯೋದ ಡೇಟನ್‌ನಲ್ಲಿ ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ಕೆಂಟಕಿಯಲ್ಲಿ ಗುಲಾಮರಾಗಿದ್ದವರು. ಓದಿನಲ್ಲಿ ಜಾಣ, ಆದರೂ ಬಣ್ಣದ ಕಾರಣಕ್ಕೆ ಸಿಕ್ಕಿದ್ದು ಲಿಫ್ಟ್ ನಡೆಸುವ ಕೆಲಸ. ಲಿಫ್ಟಿಗೆ ಬಂದವರಿಗೇ ತಮ್ಮ ಮೊದಲ ಕವನ ಸಂಕಲನ ಮಾರಿದರು. ಮುಂದೆ 1896ರಲ್ಲಿ ದೊಡ್ಡ ವಿಮರ್ಶಕ ವಿಲಿಯಂ ಡೀನ್ ಹೊವೆಲ್ಸ್ ಹೊಗಳಿದ ಮೇಲೆ ಹೆಸರು ಬಂತು, ಆದರೆ ಹೊವೆಲ್ಸ್ ಜಾಸ್ತಿ ಮೆಚ್ಚಿದ್ದು ಕಪ್ಪು ಜನರ ಆಡುಮಾತಿನಲ್ಲಿ ಬರೆದ ಪದ್ಯಗಳನ್ನು. ಓದುಗರು, ಪತ್ರಿಕೆಗಳು ಅದನ್ನೇ ಕೇಳತೊಡಗಿದರು. ಆ ಹೊಗಳಿಕೆಯಿಂದ ತಮಗೆ ಕೆಟ್ಟದ್ದೇ ಆಯಿತು ಅಂತ ಡನ್‌ಬಾರ್ ನೊಂದುಕೊಂಡರು. ಕವಿಯಾಗಿಯೂ ಜನ ಬಯಸಿದ ಮುಖವನ್ನೇ ತೋರಿಸಬೇಕಾಗಿ ಬಂತು ಅವರಿಗೆ. 1906ರಲ್ಲಿ ಕ್ಷಯದಿಂದ ತೀರಿಕೊಂಡಾಗ ವಯಸ್ಸು ಬರೀ 33.

ಮುಖವಾಡದ ಕವಿತೆ ಹಿಡಿಸಿದ್ದರೆ ಅವರ ‘ಸಿಂಪತಿ’ಯನ್ನೂ ಓದಿ. ಅದರಲ್ಲಿ ‘ನಾವು’ ಹೋಗಿ ‘ನಾನು’ ಬರುತ್ತದೆ. ಪಂಜರದ ಹಕ್ಕಿಯ ಹಾಡು ಸಂತೋಷದ್ದಲ್ಲ, ಮೊರೆ ಅಂತ ನೇರವಾಗಿಯೇ ಹೇಳುತ್ತಾರೆ. ಅಮೆರಿಕದ ಕಪ್ಪು ಲೇಖಕಿ ಮಾಯಾ ಆಂಜೆಲೊ 1969ರಲ್ಲಿ ತಮ್ಮ ಆತ್ಮಕಥೆಗೆ ಹೆಸರು ತೆಗೆದುಕೊಂಡದ್ದು ಇದೇ ಪದ್ಯದಿಂದ.